ರಸ್ತೆ ಬೇಕೇ ಎಂದು ಕೇಳಿದರೆ ಮರದ ಮಾತು ಏಕೆ? ಬೆಂಗಳೂರಿನ ಯೋಜನೆಗಳಲ್ಲಿ ಜನಾಭಿಪ್ರಾಯಕ್ಕಿರುವ ಜಾಗ

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿಯಲ್ಲಿ ಸುಮಾರು 16.7 ಕಿಲೋಮೀಟರ್ ಉದ್ದದ ಜೋಡಿ ಸುರಂಗ, ಅದಕ್ಕೆ 17 ಸಾವಿರ ಕೋಟಿ ರೂಪಾಯಿಗೂ ಮೀರಿದ ಅಂದಾಜು ವೆಚ್ಚ. ಈ ಯೋಜನೆ ಸುದ್ದಿಯಾದಾಗಿನಿಂದ ಬೆಂಗಳೂರಿನಲ್ಲಿ ನಾಲ್ಕು ಜನ ಸೇರಿದ ಕಡೆಯೆಲ್ಲ ಒಂದು ಪ್ರಶ್ನೆ ಏಳುತ್ತಿದೆ: ನಮ್ಮನ್ನು ಕೇಳಿದವರು ಯಾರು?

ಆದರೆ ಸುರಂಗದ ಬಗ್ಗೆ ಅತಿ ದೊಡ್ಡ ಗದ್ದಲ ಎದ್ದದ್ದು ವಾಹನ ದಟ್ಟಣೆಯ ಲೆಕ್ಕಕ್ಕಲ್ಲ, ಟೋಲ್ ದರಕ್ಕಲ್ಲ, ಲಾಲ್‌ಬಾಗ್‌ನ ಒಂದು ಅಂಚಿನ ಜಾಗಕ್ಕೆ. ಉದ್ಯಾನದ ಆರು ಎಕರೆಯಷ್ಟು ನೆಲ ಬೇಕಾಗಬಹುದೆಂಬ ಸುದ್ದಿ 2025ರಲ್ಲಿ ಹೊರಬಿದ್ದ ಮೇಲೆ ನಡಿಗೆದಾರರು, ಸಸ್ಯಶಾಸ್ತ್ರ ಬಲ್ಲವರು, ರಾಜಕೀಯ ಪಕ್ಷಗಳು ಎಲ್ಲರೂ ಮಾತನಾಡಿದರು. ಲಾಲ್‌ಬಾಗ್‌ಗೆ ಧಕ್ಕೆಯಾಗುವುದಿಲ್ಲ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಭರವಸೆ ಕೊಡಬೇಕಾಯಿತು. 2016ರಲ್ಲಿ ವಿಮಾನ ನಿಲ್ದಾಣದ ದಾರಿಗೆಂದು ಯೋಜಿಸಿದ್ದ ಉಕ್ಕಿನ ಮೇಲ್ಸೇತುವೆಯ ವಿವಾದ ಎದ್ದಾಗಲೂ ಹೀಗೆಯೇ ಆಗಿತ್ತು. ಸೇತುವೆ ಸಂಚಾರ ಸಮಸ್ಯೆಯನ್ನು ಬಗೆಹರಿಸುತ್ತದೆಯೇ ಎಂಬ ಚರ್ಚೆಗಿಂತ ಅದಕ್ಕಾಗಿ ಕಡಿಯಬೇಕಾಗಿದ್ದ 812 ಮರಗಳ ಮಾತೇ ಜೋರಾಗಿ ಕೇಳಿಸಿತ್ತು.

ಬೆಂಗಳೂರಿನವರಿಗೆ ಮರದ ಮೇಲಿನ ಪ್ರೀತಿ ಇದಕ್ಕೆ ಒಂದು ಕಾರಣವಿರಬಹುದು. ಇನ್ನೊಂದು ಕಾರಣ ಕಾನೂನಿನಲ್ಲಿದೆ. ಮರ ಕಡಿಯುವ ಮುನ್ನ, ನಿಮ್ಮ ಜಾಗ ಪಡೆಯುವ ಮುನ್ನ, ಮನೆ ನಿವೇಶನವನ್ನು ಅಂಗಡಿ ನಿವೇಶನವಾಗಿ ಬದಲಿಸುವ ಮುನ್ನ ಸರ್ಕಾರ ಜನರನ್ನು ಕೇಳಬೇಕು ಎಂದು ಕಾನೂನು ಹೇಳುತ್ತದೆ. ಈ ರಸ್ತೆ ನಗರಕ್ಕೆ ಬೇಕೇ ಎಂದು ಜನರನ್ನು ಕೇಳಲೇಬೇಕು ಎನ್ನುವ ನೇರವಾದ ಸಾಲು ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ಸಲಹೆ ಬೇರೆ, ಆಕ್ಷೇಪಣೆ ಬೇರೆ

ಸುದ್ದಿಯಲ್ಲಿ ‘ಜನಾಭಿಪ್ರಾಯ ಸಂಗ್ರಹ’ ಎಂದು ಬರುವುದೆಲ್ಲ ಒಂದೇ ಬಗೆಯದಲ್ಲ. ಇಲಾಖೆಯೊಂದು ತಾನಾಗಿಯೇ ಇಮೇಲ್ ವಿಳಾಸ ಕೊಟ್ಟು ‘ನಿಮ್ಮ ಸಲಹೆ ಕಳುಹಿಸಿ’ ಎಂದರೆ ಅದು ಸೌಜನ್ಯ. ಬಂದ ಸಲಹೆಗಳನ್ನು ಓದಬೇಕು, ಉತ್ತರಿಸಬೇಕು ಎಂಬ ಕಟ್ಟುಪಾಡು ಅದಕ್ಕಿಲ್ಲ.

ಕಾಯ್ದೆಯ ಇಂತಿಂಥ ಕಲಂ ಪ್ರಕಾರ ಎಂದು ಪ್ರಕಟಣೆ ಹೊರಡಿಸಿ, ಇಷ್ಟು ದಿನಗಳ ಗಡುವು ಕೊಟ್ಟು ಕರೆಯುವುದು ಆಕ್ಷೇಪಣೆ. ಇಲ್ಲಿ ನೀವು ಬರೆದದ್ದು ಕಡತಕ್ಕೆ ಸೇರುತ್ತದೆ, ಅಧಿಕಾರಿ ಅದನ್ನು ಪರಿಶೀಲಿಸಿ ತೀರ್ಮಾನಿಸಬೇಕಾಗುತ್ತದೆ. ಪರಿಶೀಲಿಸದೆ ಮುಂದುವರಿದರೆ ಆ ಲೋಪವನ್ನೇ ಹಿಡಿದು ನ್ಯಾಯಾಲಯಕ್ಕೆ ಹೋಗಬಹುದು.

ಇನ್ನೊಂದು ಸಾರ್ವಜನಿಕ ಆಲಿಕೆ, ಪತ್ರಿಕೆಗಳ ಮಾತಿನಲ್ಲಿ ಅಹವಾಲು ಸಭೆ. ಅಧಿಕಾರಿಗಳು ವೇದಿಕೆಯ ಮೇಲೆ ಕೂತು ಜನರ ಮಾತನ್ನು ಕೇಳಿ ನಡಾವಳಿಯಲ್ಲಿ ದಾಖಲಿಸುವ ಸಭೆ ಇದು. ಕೈಗಾರಿಕೆ, ಗಣಿ, ಹೆದ್ದಾರಿಗಳ ಸಂದರ್ಭದಲ್ಲಿ ಇದು ಹಳ್ಳಿಗಳ ಜನಕ್ಕೆ ಚೆನ್ನಾಗಿ ಪರಿಚಯ. ನಗರದ ನಡುವಿನ ಯೋಜನೆಗಳಲ್ಲಿ ಅಪರೂಪ.

ಮತದಾನ ಈ ಯಾವುದರಲ್ಲೂ ಇಲ್ಲ. ಹತ್ತು ಸಾವಿರ ಜನ ‘ಬೇಡ’ ಎಂದು ಬರೆದರೂ ಯೋಜನೆ ಕಾನೂನಿನ ಪ್ರಕಾರ ಬಿದ್ದುಹೋಗುವುದಿಲ್ಲ. ಒಬ್ಬರೇ ಒಬ್ಬರು ನಕ್ಷೆಯ ತಪ್ಪನ್ನು ತೋರಿಸಿಕೊಟ್ಟರೆ ಅಧಿಕಾರಿ ನಿಂತು ನೋಡಲೇಬೇಕಾಗುತ್ತದೆ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಸಹಿ ಸಂಗ್ರಹಗಳು ಕಡತದ ತೂಕ ಹೆಚ್ಚಿಸುವುದರಲ್ಲೇ ಮುಗಿಯುತ್ತವೆ.

ಯೋಜನೆ ಹುಟ್ಟುವ ಕ್ರಮ

ಮೇಲ್ಸೇತುವೆಯೋ ಸುರಂಗವೋ ಮೊದಲು ಬಜೆಟ್ ಭಾಷಣದಲ್ಲೋ ಸಚಿವರ ಹೇಳಿಕೆಯಲ್ಲೋ ಕಾಣಿಸಿಕೊಳ್ಳುತ್ತದೆ. ಆಮೇಲೆ ಕಾರ್ಯಸಾಧ್ಯತಾ ವರದಿ, ಅಂದರೆ ಇದನ್ನು ಕಟ್ಟಲು ಆಗುತ್ತದೆಯೇ, ಹಣ ಎಲ್ಲಿಂದ ಎಂಬ ಮೊದಲ ಲೆಕ್ಕ. ಅದರ ಹಿಂದೆ ಡಿಪಿಆರ್, ಕನ್ನಡದಲ್ಲಿ ವಿಸ್ತೃತ ಯೋಜನಾ ವರದಿ. ಕಂಬ ಎಲ್ಲಿ ಬರುತ್ತದೆ, ರ‍್ಯಾಂಪ್ ಎಲ್ಲಿ ಇಳಿಯುತ್ತದೆ, ಮಣ್ಣು ಹೇಗಿದೆ, ಎಷ್ಟು ಜಾಗ ಬೇಕು ಎಂಬುದೆಲ್ಲ ಇದರಲ್ಲಿರುತ್ತದೆ. ಅಲ್ಲಿಂದ ಸಚಿವ ಸಂಪುಟದ ಒಪ್ಪಿಗೆ, ಟೆಂಡರ್, ಗುತ್ತಿಗೆ ಕರಾರು, ಕಾಮಗಾರಿ.

ಸಾಮಾನ್ಯ ಓದುಗರ ಕಣ್ಣಿಗೆ ಯೋಜನೆ ಬೀಳುವುದು ಬಹುತೇಕ ಟೆಂಡರ್ ಹೊತ್ತಿಗೆ. ಅಷ್ಟರಲ್ಲಿ ದಾರಿ, ವಿನ್ಯಾಸ, ವೆಚ್ಚ ಎಲ್ಲವೂ ನಿಗದಿಯಾಗಿರುತ್ತದೆ. ಆಗ ಅಭಿಪ್ರಾಯ ಕೇಳುವುದೆಂದರೆ ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ ಹುಡುಗಿ ಒಪ್ಪಿದ್ದಾಳೆಯೇ ಎಂದು ವಿಚಾರಿಸಿದ ಹಾಗೆ. ಬೇಡ ಎನ್ನಲು ಅವಕಾಶ ಇರುತ್ತದೆ, ಆದರೆ ಅಷ್ಟು ಹೊತ್ತಿಗೆ ಬೇಡ ಎನ್ನುವುದು ಎಲ್ಲರಿಗೂ ದುಬಾರಿ.

ಕಾನೂನು ಕೇಳಲೇಬೇಕು ಎಂದಿರುವ ಕಡೆಗಳು

ಎಲ್ಲಕ್ಕಿಂತ ಮೊದಲನೆಯದು ನಗರದ ಮಹಾಯೋಜನೆ, ಜನರ ಬಾಯಲ್ಲಿ ಮಾಸ್ಟರ್ ಪ್ಲಾನ್. ಯಾವ ಪ್ರದೇಶ ವಸತಿಗೆ, ಯಾವುದು ವ್ಯಾಪಾರಕ್ಕೆ, ಯಾವುದು ಉದ್ಯಾನಕ್ಕೆ, ಮುಖ್ಯ ರಸ್ತೆಗಳು ಎಲ್ಲಿ ಹಾಯುತ್ತವೆ, ಎಷ್ಟು ಅಗಲ ಎಂದು ಬಣ್ಣ ಬಣ್ಣದ ನಕ್ಷೆಯಲ್ಲಿ ತೋರಿಸುವ ದಾಖಲೆ ಅದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಕರಡನ್ನು ಪ್ರಕಟಿಸಿ ಜನರಿಗೆ 60 ದಿನಗಳ ಅವಕಾಶ ಕೊಡಬೇಕು. ಬೆಂಗಳೂರಿನ 2031ರ ಪರಿಷ್ಕೃತ ಮಹಾಯೋಜನೆಯ ಕರಡು 2017ರ ನವೆಂಬರ್‌ನಲ್ಲಿ ಹೀಗೆ ಹೊರಬಂತು. ಸಾವಿರಾರು ಆಕ್ಷೇಪಣೆಗಳು ಬಂದವು. ಕೊನೆಗೆ 2020ರಲ್ಲಿ ಸರ್ಕಾರ ಆ ಕರಡನ್ನೇ ಹಿಂಪಡೆಯಿತು. ಪರಿಣಾಮವಾಗಿ, 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನ ಬೆಳವಣಿಗೆಯನ್ನು ಊಹಿಸಿ ಬರೆದ ನಕ್ಷೆಯನ್ನೇ ಆ ಗಡುವು ಕಳೆದು ವರ್ಷಗಳಾದ ಮೇಲೂ ನಗರ ನೆಚ್ಚಿಕೊಳ್ಳಬೇಕಾಯಿತು. ನಂತರ ಹುಟ್ಟಿದ ದೊಡ್ಡ ಯೋಜನೆಗಳು ಆ ನಕ್ಷೆಯಲ್ಲಿ ಇಲ್ಲ ಎಂಬ ತಕರಾರು ಮತ್ತೆ ಮತ್ತೆ ಏಳುವುದು ಇದಕ್ಕೇ.

ಎರಡನೆಯದು ಭೂ ಬಳಕೆ ಬದಲಾವಣೆ. ವಸತಿ ಎಂದು ಗುರುತಿಸಿದ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಬೇಕಾದರೆ ಅದೇ ಕಾಯ್ದೆಯ 14-ಎ ಕಲಂ ಅಡಿಯಲ್ಲಿ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಈ ಪ್ರಕಟಣೆಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಹರಾಜಿನ ನೋಟಿಸು, ಕಳೆದುಹೋದ ದಾಖಲೆ, ಹೆಸರು ಬದಲಾವಣೆಗಳ ನಡುವೆ ಒಂದು ಪುಟ್ಟ ಚೌಕ. ಅರ್ಜಿದಾರರ ಹೆಸರು, ಹಳೆಯ ಬಡಾವಣೆಯಾದರೆ ಪಾಲಿಕೆಯ ಸ್ವತ್ತಿನ ಸಂಖ್ಯೆ, ಹೊರವಲಯವಾದರೆ ಗ್ರಾಮದ ಹೆಸರು ಮತ್ತು ಸರ್ವೆ ನಂಬರ್, ವಿಸ್ತೀರ್ಣ, ‘ವಸತಿಯಿಂದ ವಾಣಿಜ್ಯಕ್ಕೆ’ ಎಂಬ ಎರಡು ಪದ, ಕೊನೆಯಲ್ಲಿ ಗಡುವು. ಅಂಗಡಿಯ ಹೆಸರು, ಎದುರಿನ ದೇವಸ್ಥಾನ, ಬಸ್ ನಿಲ್ದಾಣ ಇಂಥ ಗುರುತು ಯಾವುದೂ ಇರುವುದಿಲ್ಲ. ಪಕ್ಕದ ಮನೆಯವರೇ ಓದಿದರೂ ಇದು ತಮ್ಮ ಪಕ್ಕದ ಜಾಗ ಎಂದು ಅವರಿಗೆ ಹೊಳೆಯಲಿಕ್ಕಿಲ್ಲ. ಹದಿನೈದು ದಿನ ಹಾಗೆಯೇ ಸರಿದುಹೋಗುತ್ತದೆ.

ಮೂರನೆಯದು ಭೂಸ್ವಾಧೀನ. 2013ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಹೊರಟ 60 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಅದಕ್ಕೂ ಮೊದಲು ಸಾಮಾಜಿಕ ಪರಿಣಾಮ ಅಧ್ಯಯನ, ಅದರ ಮೇಲೆ ಜನರ ಸಭೆ ಎಂದೂ ಕಾಯ್ದೆಯಲ್ಲಿದೆ. ಕರ್ನಾಟಕ 2019ರ ತಿದ್ದುಪಡಿಯಲ್ಲಿ ಕೆಲವು ಬಗೆಯ ಯೋಜನೆಗಳನ್ನು ಈ ಅಧ್ಯಯನದಿಂದ ಹೊರಗಿಟ್ಟಿದೆ. ನಮ್ಮ ಮೆಟ್ರೊ ಹೆಚ್ಚಾಗಿ ಬಳಸುವುದು ಇದನ್ನಲ್ಲ, 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯನ್ನು. ಅದರಲ್ಲಿ ಜಾಗದ ಮಾಲೀಕರಿಗೆ ನೋಟಿಸು ಕೊಟ್ಟು ಉತ್ತರಕ್ಕೆ 30 ದಿನ ಬಿಡುತ್ತಾರೆ. ಕೇಳುವುದು ಮಾಲೀಕರನ್ನು ಮತ್ತು ಆ ಜಾಗದಲ್ಲಿ ಹಿತಾಸಕ್ತಿ ಇರುವವರನ್ನು. ಆ ರಸ್ತೆಯಲ್ಲಿ ದಿನವೂ ಓಡಾಡುವವರನ್ನಲ್ಲ.

ಮರಗಳ ವಿಷಯದಲ್ಲಿ ಹಾಗಲ್ಲ, ಯಾರು ಬೇಕಾದರೂ ಬರೆಯಬಹುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿಯಂತೆ 50ಕ್ಕಿಂತ ಹೆಚ್ಚು ಮರ ಕಡಿಯುವ ಪ್ರಸ್ತಾವವಿದ್ದರೆ ವೃಕ್ಷಾಧಿಕಾರಿ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. ಮನೆ ಇಲ್ಲದವರು, ಜಾಗ ಇಲ್ಲದವರು, ಬಾಡಿಗೆಗೆ ಇರುವವರು ಯಾರ ಪತ್ರವೂ ಇಲ್ಲಿ ನಡೆಯುತ್ತದೆ. ರಸ್ತೆಯೇ ಬೇಡ ಎನ್ನುವವರು ಕೂಡ ಮರದ ಹೆಸರಿನಲ್ಲಿ ಬರೆಯುವುದರ ಗುಟ್ಟು ಇಷ್ಟೆ. ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್‌ಗಳಿಗಂತೂ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯ ರಕ್ಷಣೆ ಬೇರೆಯೇ ಇದೆ.

ಬೀದಿಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕುರ್ಚಿಯನ್ನೇ ಕೊಟ್ಟಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ಸ್ಥಾನ ವ್ಯಾಪಾರಿಗಳ ಪ್ರತಿನಿಧಿಗಳಿಗೇ.

ಪಟ್ಟಿಯಿಂದ ಜಾರಿದ ಮೇಲ್ಸೇತುವೆ

ಹಾಗಾದರೆ ಪರಿಸರ ಅನುಮತಿಯ ಅಹವಾಲು ಸಭೆ ಏಕೆ ನಡೆಯುವುದಿಲ್ಲ? ಕೇಂದ್ರ ಸರ್ಕಾರ 2006ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಗೆ ಒಂದು ಪಟ್ಟಿ ಅಂಟಿಕೊಂಡಿದೆ. ಗಣಿ, ಅಣೆಕಟ್ಟು, ವಿದ್ಯುತ್ ಸ್ಥಾವರ, ವಿಮಾನ ನಿಲ್ದಾಣ, ಹೆದ್ದಾರಿಗಳು ಅದರಲ್ಲಿವೆ. ನಗರದೊಳಗಿನ ಮೇಲ್ಸೇತುವೆ, ಮೆಟ್ರೊ ಹಳಿಗಳು ಹೆಸರು ಹಿಡಿದು ಅದರಲ್ಲಿ ಇಲ್ಲ. ದೊಡ್ಡ ಕಟ್ಟಡಗಳು ಮತ್ತು ಬಡಾವಣೆಗಳು ಎಂಟನೆಯ ಕ್ರಮಾಂಕದಲ್ಲಿ ಬರುತ್ತವೆ. 20 ಸಾವಿರ ಚದರ ಮೀಟರ್ ಮೀರಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. ಆದರೆ ಆ ಕ್ರಮಾಂಕದ ಯೋಜನೆಗಳಿಗೆ ಜನರ ಸಮಾಲೋಚನೆಯಿಂದ ವಿನಾಯಿತಿ ಇದೆ. ನಗರದ ನಡುವೆ ದೈತ್ಯ ಮಾಲ್ ಎದ್ದರೂ ಅಕ್ಕಪಕ್ಕದವರನ್ನು ಕೂರಿಸಿ ಕೇಳಬೇಕಾಗಿಲ್ಲ.

ಮೇಲ್ಸೇತುವೆಯನ್ನು ‘ನಿರ್ಮಾಣ ಯೋಜನೆ’ ಎಂದು ಪರಿಗಣಿಸಬೇಕೇ ಬೇಡವೇ ಎಂಬುದು ವಕೀಲರ ಜಗಳ. ಉಕ್ಕಿನ ಸೇತುವೆಯ ಪ್ರಕರಣ ಪರಿಸರದ ವ್ಯಾಜ್ಯಗಳನ್ನು ವಿಚಾರಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದದ್ದು ಈ ಪರಿಸರ ಅನುಮತಿಯ ಪ್ರಶ್ನೆಯ ಮೇಲೆಯೇ.

ಉಕ್ಕಿನ ಸೇತುವೆಯ ಐದು ತಿಂಗಳು

ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್, ಆರು ಪಥ. ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಸಿಗ್ನಲ್‌ಗಳಿಂದ ಮುಕ್ತಿ ಎಂಬುದು ಉದ್ದೇಶ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಯೋಜನೆ ಇದು. ಸಚಿವ ಸಂಪುಟ 2016ರ ಸೆಪ್ಟೆಂಬರ್ ಕೊನೆಯಲ್ಲಿ 1,791 ಕೋಟಿ ರೂಪಾಯಿಯ ವೆಚ್ಚಕ್ಕೆ ಒಪ್ಪಿಗೆ ಕೊಟ್ಟಿತು.

ಜನರನ್ನು ಕೇಳಿಯೇ ಇದ್ದೇವೆ ಎಂದು ಸರ್ಕಾರ ಹೇಳಿತು. ಅದು ಸುಳ್ಳಲ್ಲ. ಪ್ರಾಧಿಕಾರ ಅಭಿಪ್ರಾಯ ಆಹ್ವಾನಿಸಿತ್ತು, ಮುನ್ನೂರರಷ್ಟು ಮಂದಿ ಪ್ರತಿಕ್ರಿಯಿಸಿದ್ದರು, ಬಹುಪಾಲು ಜನ ಪರವಾಗಿದ್ದಾರೆ ಎಂಬುದು ಅಧಿಕೃತ ವಾದ. ಒಂದು ಕೋಟಿ ಜನಸಂಖ್ಯೆಯ ಊರಿನಲ್ಲಿ ಮುನ್ನೂರು ಪ್ರತಿಕ್ರಿಯೆ! ಕೇಳಿದ ಶಾಸ್ತ್ರ ಮುಗಿದಿತ್ತು, ಕೇಳಿಸಿಕೊಂಡ ಕೆಲಸ ಆಗಿರಲಿಲ್ಲ ಎನ್ನದೆ ವಿಧಿಯಿಲ್ಲ.

ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಯೋಜಿತ ಸೇತುವೆಯ ದಾರಿಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ‘ಸಿಟಿಜನ್ಸ್ ಫಾರ್ ಬೆಂಗಳೂರು’ ಎಂಬ ನಾಗರಿಕರ ಒಕ್ಕೂಟ ಮುಂದಿತ್ತು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬುದು ಘೋಷಣೆ. ಅದೇ ತಿಂಗಳ 28ರಂದು ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠ ಮಧ್ಯಂತರ ತಡೆ ಕೊಟ್ಟಿತು. 2017ರ ಮಾರ್ಚ್ 2ರಂದು ನಗರಾಭಿವೃದ್ಧಿಯ ಹೊಣೆ ಹೊತ್ತಿದ್ದ ಸಚಿವ ಕೆ.ಜೆ. ಜಾರ್ಜ್ ಯೋಜನೆ ಕೈಬಿಟ್ಟಿರುವುದಾಗಿ ಪ್ರಕಟಿಸಿದರು.

ಇದನ್ನು ಜನರ ಗೆಲುವೆಂದು ಹೇಳುವುದು ವಾಡಿಕೆ. ಅರ್ಧ ನಿಜ. ಅಷ್ಟರಲ್ಲಿ ವಿರೋಧ ಪಕ್ಷ ಕಮಿಷನ್ ಆರೋಪ ಮಾಡಿತ್ತು, ವಿಧಾನಸಭೆ ಚುನಾವಣೆಗೆ ವರ್ಷವಷ್ಟೇ ಉಳಿದಿತ್ತು, ತಡೆಯಾಜ್ಞೆಯೂ ಇತ್ತು. ಬೀದಿಯ ಮಾತು, ಕೋರ್ಟಿನ ಕಾಗದ, ರಾಜಕೀಯದ ಲೆಕ್ಕ ಮೂರೂ ಒಂದೇ ಹೊತ್ತಿಗೆ ಕೂಡಿಬಂದವು. ಇವುಗಳಲ್ಲಿ ಒಂದು ಮಾತ್ರ ಇದ್ದಿದ್ದರೆ ಸೇತುವೆ ನಿಲ್ಲುತ್ತಿತ್ತೇ ಎಂದು ಎದೆ ತಟ್ಟಿ ಹೇಳುವುದು ಕಷ್ಟ. ಬೇರೆ ಸರ್ಕಾರ ಬಂದ ಮೇಲೆ, 2019ರ ಆರಂಭದಲ್ಲಿ, ಅದೇ ಯೋಜನೆಯ ಮಾತು ಮತ್ತೆ ಕೇಳಿಬಂತು ಎಂಬುದನ್ನೂ ಮರೆಯುವಂತಿಲ್ಲ.

‘ಜನ’ ಎಂದರೆ ಯಾರು?

ಗಾಂಧಿ ಬಜಾರ್ ಮುಖ್ಯರಸ್ತೆಯನ್ನು ನಡೆಯುವವರಿಗೆ ಅನುಕೂಲವಾಗುವಂತೆ ಮರುರೂಪಿಸಲು ನಗರ ಭೂ ಸಾರಿಗೆ ನಿರ್ದೇಶನಾಲಯ ಕೈಹಾಕಿದಾಗ ಒಬ್ಬೊಬ್ಬರದು ಒಂದೊಂದು ಮಾತು. ಅಂಗಡಿಯವರಿಗೆ ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬ ಆತಂಕ. ಹೂವು, ಹಣ್ಣು ಮಾರುವವರಿಗೆ ಕಾಮಗಾರಿ ಮುಗಿದ ಮೇಲೆ ತಮ್ಮ ಹಳೆಯ ಜಾಗ ಸಿಗುತ್ತದೆಯೇ ಎಂಬ ಚಿಂತೆ. ಅಕ್ಕಪಕ್ಕದ ರಸ್ತೆಯ ನಿವಾಸಿಗಳಿಗೆ ಆ ಕಾರುಗಳೆಲ್ಲ ತಮ್ಮ ಗೇಟಿನ ಮುಂದೆ ಬಂದು ನಿಲ್ಲುತ್ತವೆ ಎಂಬ ಭಯ. ವಯಸ್ಸಾದವರಿಗೆ ಸಮತಟ್ಟಾದ ಪಾದಚಾರಿ ಮಾರ್ಗ ಸಿಕ್ಕರೆ ಸಾಕು. ಇವರಲ್ಲಿ ಯಾರದು ಸಮುದಾಯದ ಅಭಿಪ್ರಾಯ?

2020ರ ನವೆಂಬರ್‌ನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟ್‌ನಲ್ಲಿ ವಾರಾಂತ್ಯಕ್ಕೆ ವಾಹನ ನಿಷೇಧಿಸಿದ ಪ್ರಯೋಗದ ಗುಣ ಇಲ್ಲಿ ಕಾಣುತ್ತದೆ. ಅಲ್ಲಿ ಕಾಗದದ ಮೇಲೆ ಊಹೆಯ ಅಭಿಪ್ರಾಯ ಕೇಳುವ ಬದಲು ಮೊದಲು ಮಾಡಿ ತೋರಿಸಿ, ಆಮೇಲೆ ಕೇಳಿದರು. ಗಾಳಿಯ ಗುಣಮಟ್ಟವನ್ನು ಅಳೆದರು. ಸುರಂಗವನ್ನು ಹೀಗೆ ನಾಲ್ಕು ತಿಂಗಳು ಕೊರೆದು ನೋಡಲಾಗುವುದಿಲ್ಲ ಎನ್ನುವುದು ಬೇರೆ ಮಾತು.

ಇಂಗ್ಲಿಷ್‌ನಲ್ಲಿ ಇಮೇಲ್ ಬರೆಯಬಲ್ಲವರ ಮಾತು ಕಡತದಲ್ಲಿ ದಪ್ಪವಾಗಿ ಕೂರುತ್ತದೆ. ಬೆಳಿಗ್ಗೆ ಆರಕ್ಕೆ ಕೆ.ಆರ್. ಮಾರುಕಟ್ಟೆಯಲ್ಲಿ ಮೂಟೆ ಇಳಿಸುವವರ ಮಾತು ಅಲ್ಲಿಗೆ ತಲುಪುವುದೇ ಇಲ್ಲ. ಈ ಅಂತರ ತುಂಬಬೇಕಾದದ್ದು ವಾರ್ಡ್ ಸಮಿತಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಅದು ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ. ಬೆಂಗಳೂರಿನಲ್ಲಿ ತಿಂಗಳ ಮೊದಲ ಶನಿವಾರ ಸಭೆ ಎಂಬ ರೂಢಿಯೂ ಬೆಳೆದಿತ್ತು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಚುನಾಯಿತ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ಜನ ಹೋಗಿ ಬಾಗಿಲು ತಟ್ಟುವ ಮನೆಯೇ ಖಾಲಿ.

ಆಕ್ಷೇಪಣೆ ಬರೆಯುವುದು

ಕೈಬರಹದ ಒಂದು ಪುಟ ಸಾಕು, ವಕೀಲರು ಬೇಕಿಲ್ಲ. ಪ್ರಕಟಣೆಯ ದಿನಾಂಕ ಮತ್ತು ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ನಮೂದಿಸಿ, ಇಲ್ಲದಿದ್ದರೆ ಪತ್ರ ಯಾವ ಕಡತಕ್ಕೂ ಸೇರದೆ ಟಪಾಲಿನಲ್ಲೇ ಉಳಿಯುತ್ತದೆ. ‘ಇದರಿಂದ ಪರಿಸರ ಹಾಳಾಗುತ್ತದೆ’ ಎಂದು ಬರೆದರೆ ಅಧಿಕಾರಿ ‘ಗಮನಿಸಲಾಗಿದೆ’ ಎಂದು ಒಂದು ಸಾಲಿನಲ್ಲಿ ಮುಗಿಸಬಹುದು. ‘ನಕ್ಷೆಯಲ್ಲಿ ರ‍್ಯಾಂಪ್ ಇಳಿಯುವ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಸರ್ಕಾರಿ ಶಾಲೆಯ ಗೇಟಿದೆ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಕ್ಕಳು ರಸ್ತೆ ದಾಟುವುದು ಅಲ್ಲೇ, ವರದಿಯಲ್ಲಿ ಶಾಲೆಯ ಉಲ್ಲೇಖವೇ ಇಲ್ಲ’ ಎಂದು ಬರೆದರೆ ಹಾಗೆ ಮುಗಿಸಲಾಗುವುದಿಲ್ಲ. ಪರ್ಯಾಯ ಗೊತ್ತಿದ್ದರೆ ಹೇಳಿ. ಯೋಜನೆ ಒಳ್ಳೆಯದೆನಿಸಿದರೆ ಅದನ್ನೂ ಬರೆಯಬೇಕು. ಬೆಂಬಲಿಸುವವರು ಸಾಮಾನ್ಯವಾಗಿ ಸುಮ್ಮನಿರುತ್ತಾರೆ, ಕಡತ ಒಂದೇ ಕಡೆ ವಾಲುತ್ತದೆ.

ಕಚೇರಿಗೆ ಕೊಡುವಾಗ ಎರಡು ಪ್ರತಿ ಒಯ್ದು ಒಂದರ ಮೇಲೆ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಇದಕ್ಕೆ ಸ್ವೀಕೃತಿ ಎನ್ನುತ್ತಾರೆ.

ಉತ್ತರ ಬಾರದಿದ್ದರೆ

ಮಾಹಿತಿ ಹಕ್ಕು ಕಾಯ್ದೆಯಡಿ ‘ನನ್ನ ಆಕ್ಷೇಪಣೆಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ’ ಎಂದು ಕೇಳಬಹುದು. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದೂ 150 ಪದಗಳ ಒಳಗೆ. ಅದೇ ಕಾಯ್ದೆಯ 4ನೇ ಕಲಂ ಇನ್ನೂ ಒಂದು ಮಾತು ಹೇಳುತ್ತದೆ: ಜನರ ಮೇಲೆ ಪರಿಣಾಮ ಬೀರುವ ಮುಖ್ಯ ತೀರ್ಮಾನಗಳನ್ನು ಪ್ರಕಟಿಸುವಾಗ ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ಸರ್ಕಾರ ತಾನಾಗಿಯೇ ಬಹಿರಂಗಪಡಿಸಬೇಕು. ಡಿಪಿಆರ್ ಪ್ರತಿ ಕೇಳುವಾಗ ಈ ಕಲಂ ಉಲ್ಲೇಖಿಸುವುದು ಒಳ್ಳೆಯದು.

ಕೊನೆಗೆ ಹೈಕೋರ್ಟ್. ಸುರಂಗ ಒಳ್ಳೆಯದೇ ಮೆಟ್ರೊ ಒಳ್ಳೆಯದೇ ಎಂದು ನ್ಯಾಯಮೂರ್ತಿಗಳು ಸಾಮಾನ್ಯವಾಗಿ ತೀರ್ಪು ಕೊಡುವುದಿಲ್ಲ, ಅದು ಸರ್ಕಾರದ ವಿವೇಚನೆ ಎಂದು ಬಿಡುತ್ತಾರೆ. ಅವರು ನೋಡುವುದು ಕ್ರಮವನ್ನು: ಪ್ರಕಟಣೆ ಹೊರಟಿತ್ತೇ, ಗಡುವು ಕೊಟ್ಟರೇ, ಬಂದ ಆಕ್ಷೇಪಣೆಯನ್ನು ಓದಿ ಕಾರಣ ಬರೆದರೇ, ಅಥವಾ ಎಲ್ಲಕ್ಕೂ ಒಂದೇ ಸಾಲಿನ ಹಿಂಬರಹ ಕೊಟ್ಟು ಮುಗಿಸಿದರೇ. ಆ ವಿಚಾರಣೆಯಲ್ಲಿ ಅರ್ಜಿಗೆ ಲಗತ್ತಿಸಲು ಮೊದಲು ಹುಡುಕುವ ಕಾಗದ ಮುದ್ರೆ ಬಿದ್ದ ಆ ಸ್ವೀಕೃತಿ ಪ್ರತಿಯೇ.